ಕೌದಳ್ಳಿಯ ದಾರಿಯಲ್ಲಿ ಹಾವಿನ ಮನೆ

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಬಸ್ಸು ಕಾಮಗೆರೆ, ಹನೂರುಗಳನ್ನು ಹಿಂದೆ ಹಾಕಿ ಮುಂದೆ ಸಾಗಿದಂತೆ ನೆಲದ ಬಣ್ಣವೇ ಬೇರೆಯಾಗುತ್ತ ಬರುವುದು. ಗದ್ದೆಯ ಹಸಿರು ಮರೆಯಾಗಿ ರಾಗಿ, ಮುಸುಕಿನ ಜೋಳಗಳ ಹೊಲಗಳು ಕಾಣತೊಡಗುವುವು. ಹೊಲಗಳ ಅಂಚಿನಲ್ಲಿ, ಉಳುವಾಗ ಎದ್ದ ಕಲ್ಲುಗಳನ್ನು ಆರಿಸಿ ಹಾಕಿದ ಗುಡ್ಡೆಗಳು. ಅವುಗಳಾಚೆ ಕುರುಚಲು ಕಾಡು. ಕಾಡಿನಾಚೆ ಒಂದರ ಹೆಗಲ ಮೇಲೊಂದು ತಲೆಯಿಟ್ಟು ಮಲಗಿದಂತಿರುವ ಬೆಟ್ಟಗಳ ಸಾಲು. ಈ ಕಾಡಿಗೂ ಹೊಲಕ್ಕೂ ನಡುವಣ ಊರೇ ಕೌದಳ್ಳಿ.

ಮಾದಪ್ಪನ ಒಕ್ಕಲಿಗೆ ಈ ಊರಿನ ಹೆಸರನ್ನು ಹೊಸದಾಗಿ ಹೇಳಬೇಕಾಗಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಗೆ ಕಾಲ್ನಡಿಗೆಯಲ್ಲಿ ಹೊರಟ ಮಂದಿ 'ಉಘೇ ಮಾದಪ್ಪ' ಎನ್ನುತ್ತ ಈ ದಾರಿಯನ್ನೇ ತುಳಿಯುವರು. ಇಲ್ಲಿಂದ ಮುಂದೆ ತಾಳಬೆಟ್ಟ. ತಾಳಬೆಟ್ಟದಿಂದ ಘಟ್ಟದ ತಿರುವುಗಳು. 1956ರ ನವೆಂಬರ್ 1ರವರೆಗೆ ಈ ಸೀಮೆಯೆಲ್ಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂದಿತು. ಈಗ ಇದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕು. 1987ರಲ್ಲಿ ರಚಿತವಾದ ಕಾವೇರಿ ವನ್ಯಜೀವಿಧಾಮದ ಒಂದು ವಲಯಕ್ಕೆ ಕೌದಳ್ಳಿಯ ಹೆಸರೇ ಇದೆ. ಬೆಟ್ಟದ ಕಡೆಯ ಕಾಡು 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವಾಯಿತು. ಅದರ ಹರಹು 900 ಚದರ ಕಿಲೋಮೀಟರಿಗೂ ಮಿಗಿಲು.

ಆನೆ, ಹುಲಿಗಳ ಮಾತಾದರೆ ಯಾತ್ರಿಕರು ಕಿಟಕಿಯಿಂದ ಕತ್ತು ಚಾಚಿ ನೋಡುವರು. ಆದರೆ ಈ ದಾರಿಯಲ್ಲಿ ಆನೆಗಿಂತಲೂ ಸುಲಭವಾಗಿ ಕಣ್ಣಿಗೆ ಬೀಳುವುದು ಮತ್ತೊಂದುಂಟು: ಹುತ್ತ. ಬೇಲಿಯ ಬದಿಯಲ್ಲಿ, ಬೇವಿನ ಬುಡದಲ್ಲಿ, ಹಳೆಯ ಬದುವಿನ ಮೇಲೆ ಕೆಂಪು ಗೋಪುರಗಳಂತೆ ಅವು ಎದ್ದು ನಿಂತಿರುವುವು. ಕೆಲವಕ್ಕೆ ಅರಿಶಿನ ಕುಂಕುಮ ಮೆತ್ತಿರುವುದು. ಹಾವಿಗೆ ಒಂದು ಮನೆ ಬೇಕಾದರೆ ಅದು ಹೇಗಿರಬೇಕೆಂಬುದನ್ನು ಅರಿಯಲು ಈ ಹುತ್ತಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಪಟ್ಟಣದ ಮನೆಗಳಲ್ಲಿ ನಾಯಿ, ಗಿಳಿ, ಬಣ್ಣದ ಮೀನುಗಳ ಸಾಲಿಗೆ ಹಾವನ್ನೂ ಸೇರಿಸುವ ಹವ್ಯಾಸ ಅಲ್ಲಲ್ಲಿ ತಲೆಯೆತ್ತುತ್ತಿರುವ ಈ ದಿನಗಳಲ್ಲಿ ಆ ಪಾಠವನ್ನು ಓದಿಕೊಳ್ಳುವುದು ಆವಶ್ಯಕವೂ ಆಗಿದೆ.

ಗೆದ್ದಲು ಕಟ್ಟಿದ ಅರಮನೆ

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಮಾತನ್ನು ನಮ್ಮ ಜನ ಅನ್ಯರ ದುಡಿಮೆಯನ್ನು ಉಣ್ಣುವವರನ್ನು ಕುರಿತು ಆಡುವರು. ಹಾವಿನ ಮಟ್ಟಿಗೆ ಅದು ತುಸು ಕಟುವಾದ ಮಾತೇ ಸರಿ. ಕೈಯಿಲ್ಲದ, ಕಾಲಿಲ್ಲದ ಆ ಜೀವ ಗಟ್ಟಿ ನೆಲದಲ್ಲಿ ತಾನಾಗಿ ಬಿಲ ತೋಡಲಾರದು. ಸಡಿಲ ಮಣ್ಣಿನಲ್ಲಿ ಹುದುಗುವ ಮಣ್ಣುಮುಕ್ಕ ಹಾವಿನಂಥ ಕೆಲವನ್ನು ಬಿಟ್ಟರೆ ಮಿಕ್ಕವೆಲ್ಲ ಇಲಿಯ ಬಿಲವನ್ನೋ ಕಲ್ಲಿನ ಸಂದನ್ನೋ ಮರದ ಪೊಟರೆಯನ್ನೋ ಆಶ್ರಯಿಸಬೇಕು. ಇವೆಲ್ಲಕ್ಕೂ ಮಿಗಿಲಾದುದು ಹುತ್ತ.

ಗೆದ್ದಲುಗಳು ಮಣ್ಣಿನ ಕಣಕಣವನ್ನೂ ಎಂಜಲಿನಿಂದ ನಾದಿ ಈ ಕಟ್ಟಡವನ್ನು ಎಬ್ಬಿಸುವುವು. ಒಳಗೆ ಗಾಳಿ ಆಡಲು ಕೊಳವೆಗಳುಂಟು. ಅಣಬೆ ಬೆಳೆಸಿಕೊಳ್ಳಲು ಕೋಣೆಗಳುಂಟು. ಹೊರಗೆ ಚೈತ್ರದ ಬಿಸಿಲು ಕಲ್ಲನ್ನು ಕಾಯಿಸುತ್ತಿದ್ದರೂ ಒಳಗೆ ತಂಪು. ಹೊರಗೆ ಮಾಗಿಯ ಚಳಿ ಕೊರೆಯುತ್ತಿದ್ದರೂ ಒಳಗೆ ಬೆಚ್ಚನೆಯ ತೇವ. ಗೆದ್ದಲು ಬಿಟ್ಟುಹೋದ ಹಳೆಯ ಹುತ್ತದ ಬಾಯನ್ನು ಇಲಿ, ಉಡ, ಮುಂಗುಸಿಗಳು ಅಗಲಿಸುವುವು. ಬಳಿಕ ಹಾವು ಬರುವುದು.

ಹಾವಿನ ಮೈಗೆ ತನ್ನದೇ ಆದ ಬಿಸಿಯಿಲ್ಲ. ಬಿಸಿಲಿನಿಂದ, ಕಾದ ನೆಲದಿಂದ ಅದು ಶಾಖವನ್ನು ಪಡೆಯಬೇಕು. ಹೆಚ್ಚಾದರೆ ನೆರಳಿಗೆ ಸರಿಯಬೇಕು. ಆದುದರಿಂದ ಬಿಸಿಲೂ ನೆರಳೂ ಎರಡು ಗೇಣಿನ ಅಂತರದಲ್ಲಿ ದೊರೆಯುವ ತಾಣವೇ ಅದಕ್ಕೆ ಸುಖದ ತಾಣ. ಪೊರೆ ಸುಲಿಯಲು ತೇವ ಬೇಕು, ಒರಟಾದ ಗೋಡೆ ಬೇಕು. ಆಹಾರಕ್ಕೆ ಇಲಿ, ಕಪ್ಪೆ ಹತ್ತಿರದಲ್ಲಿರಬೇಕು. ನಾಗರಹಾವು ಇಂಥ ಮರೆಯಲ್ಲಿ ಹತ್ತರಿಂದ ಮೂವತ್ತರವರೆಗೆ ಮೊಟ್ಟೆಯಿಟ್ಟು, ಸುಮಾರು ಎರಡು ತಿಂಗಳು ಅವುಗಳ ಬಳಿ ಕಾವಲಿರುವುದು. ಮೊಟ್ಟೆಯೊಡೆದು ಹೊರಬಂದ ಮರಿ ಆ ಕ್ಷಣದಿಂದಲೇ ಹೆಡೆಯೆತ್ತಬಲ್ಲದು, ಕಚ್ಚಬಲ್ಲದು. ತಾಯಿ ಅದಕ್ಕೆ ಉಣಿಸುವುದೂ ಇಲ್ಲ, ಕಲಿಸುವುದೂ ಇಲ್ಲ.

ಷಷ್ಠಿಯ ದಿನವೂ ನಾಗರಪಂಚಮಿಯ ದಿನವೂ ಹುತ್ತಕ್ಕೆ ತನಿ ಎರೆಯುವ ಸಂಪ್ರದಾಯ ನಾಡಿಗೆಲ್ಲ ಪರಿಚಿತವಾದುದು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಬಾಯಾರಿ ಬಸವಳಿದ ಹಾವು ನೀರೆಂದು ಹಾಲಿಗೆ ಬಾಯಿಟ್ಟರೂ ಅದು ಮೈಗೆ ಹಿಡಿಯುವುದಿಲ್ಲ. ಚಾಮರಾಜನಗರ ಜಿಲ್ಲೆಯ ಕೆಲವು ಊರುಗಳಲ್ಲಿ ಷಷ್ಠಿಯಂದು ಹುತ್ತಕ್ಕೆ ಕೋಳಿಯ ರಕ್ತವನ್ನೂ ಮೊಟ್ಟೆಯನ್ನೂ ಅರ್ಪಿಸುವ ವಾಡಿಕೆಯುಂಟು. ಹಾವಿನ ನಿಜವಾದ ಊಟಕ್ಕೆ ಹಾಲಿಗಿಂತ ಇದು ಹತ್ತಿರದ್ದೆಂದು ಪ್ರಾಣಿಶಾಸ್ತ್ರಜ್ಞರು ನಕ್ಕು ಒಪ್ಪಿಕೊಂಡಾರು! ಪೂಜೆ ಹೇಗೇ ನಡೆಯಲಿ, ಅದರಿಂದ ಆಗಿರುವ ದೊಡ್ಡ ಉಪಕಾರವೊಂದಿದೆ. ಕುಂಕುಮವಿಟ್ಟ ಹುತ್ತವನ್ನು ಯಾರೂ ಒಡೆಯುವುದಿಲ್ಲ. ನೇಗಿಲು ಅದನ್ನು ಬಳಸಿಕೊಂಡು ಹೋಗುವುದು. ಆದರೆ ಅದೇ ಹುತ್ತದ ಹಾವು ಅಂಗಳಕ್ಕೆ ಬಂದರೆ ದೊಣ್ಣೆ ಹುಡುಕುವವರೂ ನಾವೇ. ಕಲ್ಲಿನ ನಾಗನಿಗೂ ಜೀವವಿರುವ ನಾಗನಿಗೂ ನಾವು ತೋರುವ ಈ ಭೇದವನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ವಚನದಲ್ಲಿ ಎತ್ತಿ ಆಡಿದ್ದರು.

ಬುಟ್ಟಿ, ಮಡಕೆ, ಗಾಜಿನ ಪೆಟ್ಟಿಗೆ

ಮನುಷ್ಯನು ಹಾವಿಗೆ ತಾನಾಗಿ ಮನೆ ಮಾಡಿಕೊಟ್ಟ ಬಗೆಗಳನ್ನೂ ನೋಡಬಹುದು. ಮೊದಲನೆಯದು ಹಾವಾಡಿಗನ ಬಿದಿರು ಬುಟ್ಟಿ. ಜಾತ್ರೆಯಲ್ಲಿ ಪುಂಗಿಯ ಮುಂದೆ ಹೆಡೆಯಾಡಿಸುತ್ತಿದ್ದ ನಾಗರನ್ನು ಕಂಡು ಬೆರಗಾದ ಮಕ್ಕಳು ಎಷ್ಟು ಮಂದಿಯೋ! ಹಾವು ನಾದಕ್ಕೆ ತಲೆದೂಗುವುದಿಲ್ಲ. ಕಣ್ಣ ಮುಂದೆ ಅಲುಗುವ ಪುಂಗಿಯನ್ನು ಶತ್ರುವೆಂದು ತಿಳಿದು ಅದರೊಡನೆ ತಾನೂ ಓಲಾಡುವುದು. ಅದರ ಹಲ್ಲು ಕೀಳುವುದೂ ಬಾಯಿ ಹೊಲಿಯುವುದೂ ಉಂಟಾಗಿತ್ತು. ಅಂಥ ಹಾವು ಉಣ್ಣಲಾರದೆ ಕೆಲವೇ ತಿಂಗಳಲ್ಲಿ ಬುಟ್ಟಿಯಲ್ಲಿಯೇ ಸಾಯುತ್ತಿತ್ತು. ಅದು ಮನೆಯೆನ್ನಿಸಿಕೊಳ್ಳಲಿಲ್ಲ, ಸೆರೆಯೇ ಆಗಿತ್ತು.

ಎರಡನೆಯದು ಮಣ್ಣಿನ ಮಡಕೆ. ಕೌದಳ್ಳಿಯ ಬೆಟ್ಟಗಳನ್ನು ದಾಟಿದರೆ ತಮಿಳುನಾಡು. ಅಲ್ಲಿ, ಚೆನ್ನೈಗೆ ದಕ್ಷಿಣಕ್ಕಿರುವ ವಡನೆಮ್ಮೇಲಿಯಲ್ಲಿ, ಇರುಳರೆಂಬ ಬುಡಕಟ್ಟಿನವರು 1978ರಲ್ಲಿ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದವರು ಅವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಆ ಕಸುಬು ನಿಂತಿತು. ಈಗ ಅವರು ಅಪ್ಪಣೆ ಪಡೆದು ಹಾವುಗಳನ್ನು ಹಿಡಿದು ತಂದು, ತಳದಲ್ಲಿ ಮರಳು ಹಾಕಿದ ಮಡಕೆಗಳಲ್ಲಿಟ್ಟು, ಬಾಯಿಗೆ ಬಟ್ಟೆ ಬಿಗಿಯುವರು. ವಾರಕ್ಕೊಮ್ಮೆಯಂತೆ ವಿಷವನ್ನು ತೆಗೆದು, ಮೂರು ನಾಲ್ಕು ವಾರಗಳಲ್ಲಿ ಹೊಟ್ಟೆಯ ಪೊರೆಗೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುವರು. ಆ ವಿಷದಿಂದಲೇ ವಿಷನಿರೋಧಕ ಔಷಧ ಸಿದ್ಧವಾಗುವುದು. ಈ ವಿದ್ಯೆಯಲ್ಲಿ ಪಳಗಿದ ಇರುಳರಾದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಮಡಕೆಯೂ ಹಾವಿಗೆ ಮನೆಯಲ್ಲವೆಂದು ಇರುಳರು ಬಲ್ಲರು. ಅದಕ್ಕೆಂದೇ ದಿನ ಎಣಿಸಿ ಬಿಡುಗಡೆ ಮಾಡುವರು.

ಮೂರನೆಯದು ಇಂದಿನ ಗಾಜಿನ ಪೆಟ್ಟಿಗೆ. ವಿದೇಶಗಳಲ್ಲಿ ಮೊದಲ ಬಾರಿಗೆ ಹಾವು ಸಾಕುವವರು ಬಹುಮಟ್ಟಿಗೆ ಆಯ್ದುಕೊಳ್ಳುವುದು 'ಬಾಲ್ ಪೈಥಾನ್' ಎಂಬ ಪುಟ್ಟ ಹೆಬ್ಬಾವನ್ನು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲು ಅದರ ತವರು. ಮೂರರಿಂದ ಐದು ಅಡಿ ಬೆಳೆಯುವ ಸಾಧುಪ್ರಾಣಿ. ಬೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ನಡುವೆ ಅಡಗಿಸಿಕೊಳ್ಳುವುದು. ಅದಕ್ಕೆ ಮಾಡುವ ಏರ್ಪಾಡುಗಳ ಪಟ್ಟಿಯನ್ನು ಕೇಳಿದರೆ ಬಾಣಂತಿಯ ಆರೈಕೆ ನೆನಪಾಗುವುದು. ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿಯಷ್ಟು ಬೆಚ್ಚಗಿರಬೇಕು, ಇನ್ನೊಂದು ಬದಿ 25-26 ಡಿಗ್ರಿಯಷ್ಟು ತಂಪಾಗಿರಬೇಕು. ಎರಡು ಕಡೆಯೂ ಮೈ ಮಾತ್ರ ಹಿಡಿಸುವಷ್ಟು ಇಕ್ಕಟ್ಟಾದ ಅಡಗುತಾಣವಿರಬೇಕು. ಬಿಸಿಯನ್ನು ಹದದಲ್ಲಿಡಲು ತಾಪನಿಯಂತ್ರಕ ಬೇಕು. ಗಾಳಿಯಲ್ಲಿ ತೇವ ಬೇಕು; ತೇವ ತಗ್ಗಿದರೆ ಪೊರೆ ಚೂರುಚೂರಾಗಿ ಸುಲಿದು ಕಣ್ಣಿನ ಮೇಲೆ ಉಳಿದುಬಿಡುವುದು. ಮೈ ಮುಳುಗುವಷ್ಟು ಅಗಲವಾದ ನೀರಿನ ಪಾತ್ರೆ ಬೇಕು. ಮುಚ್ಚಳಕ್ಕೆ ಬೀಗ ಬೇಕು, ಏಕೆಂದರೆ ಹಾವಿನಂಥ ಪಲಾಯನಪಟು ಬೇರೊಬ್ಬನಿಲ್ಲ.

ಊಟವೆಂದರೆ, ಹಾವಿನ ನಡುವಿನಷ್ಟು ದಪ್ಪದ, ಮೊದಲೇ ಕೊಂದ ಇಲಿ. ಮರಿಗೆ ವಾರಕ್ಕೊಂದು, ಬೆಳೆದದ್ದಕ್ಕೆ ಎರಡು ವಾರಕ್ಕೊಂದು ಸಾಕು. ಉಂಡ ಎರಡು ದಿನ ಅದನ್ನು ಮುಟ್ಟಬಾರದು. ಮುಟ್ಟಿದರೆ ನುಂಗಿದ್ದನ್ನು ಕಾರಿಬಿಡುವುದು. ಕಣ್ಣಿಗೆ ಹಾಲಿನಂಥ ಪರೆ ಬಂದು ಪೊರೆ ಬಿಡುವ ಕಾಲ ಹತ್ತಿರವಾದಾಗಲೂ ಮುಟ್ಟಬಾರದು. ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಹಿಡಿದು ಒಡೆಯನ ನಿದ್ದೆಗೆಡಿಸುವುದೂ ಉಂಟು. ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯದಿದ್ದರೆ ಹೊಟ್ಟೆಯ ಕಾಯಿಲೆಯ ರೋಗಾಣುಗಳು ಮನೆಯ ಮಕ್ಕಳಿಗೆ ತಗಲಬಹುದು. ಇಷ್ಟೂ ಆರೈಕೆಯನ್ನು ಇಪ್ಪತ್ತು ಮೂವತ್ತು ವರ್ಷ ಮಾಡುತ್ತಿರಬೇಕು, ಏಕೆಂದರೆ ಅದರ ಆಯುಸ್ಸು ಅಷ್ಟು ದೀರ್ಘವಾದುದು. ಇಷ್ಟೆಲ್ಲ ಮಾಡಿದರೂ ಅದು ನಾಯಿಯಂತೆ ಬಾಲವಾಡಿಸಿ ಒಡೆಯನನ್ನು ಎದುರುಗೊಳ್ಳುವುದಿಲ್ಲ. ಕೈಯ ವಾಸನೆಗೆ ಒಗ್ಗಿಕೊಳ್ಳುವುದೇ ಅದು ತೋರುವ ಪ್ರೀತಿಯ ಪರಮಾವಧಿ.

ಇಲ್ಲೊಂದು ಸ್ವಾರಸ್ಯವಿದೆ. ಈ ಆಫ್ರಿಕದ ಹೆಬ್ಬಾವು ತನ್ನ ತವರಿನಲ್ಲಿ ಹಗಲನ್ನು ಕಳೆಯುವುದು ಇಲಿಯ ಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ! ತಾಪನಿಯಂತ್ರಕ, ತೇವಮಾಪಕ, ಅಡಗುಪೆಟ್ಟಿಗೆಗಳೆಲ್ಲ ಒಂದು ಹುತ್ತವನ್ನು ಅನುಕರಿಸಲು ಪಡುವ ಪಾಡು. ಸಾವಿರಾರು ರೂಪಾಯಿ ಸುರಿದು ಪಟ್ಟಣದ ಕೋಣೆಯಲ್ಲಿ ನಿರ್ಮಿಸುವುದನ್ನು ಕೌದಳ್ಳಿಯ ಬೇಲಿಯ ಬದಿಯಲ್ಲಿ ಗೆದ್ದಲು ಪುಕ್ಕಟೆಯಾಗಿ ಕಟ್ಟಿಟ್ಟಿರುವುದು.

ಕಾನೂನಿನ ಮಾತು

ನಮ್ಮ ನಾಡಿನ ಹಾವನ್ನು ಮನೆಯಲ್ಲಿ ಸಾಕಲು ಕಾನೂನಿನ ಅನುಮತಿಯಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ನಾಗರವಾಗಲಿ, ಕೇರೆಯಾಗಲಿ, ಹೆಬ್ಬಾವಾಗಲಿ, ಹಿಡಿಯುವುದೂ ಇಟ್ಟುಕೊಳ್ಳುವುದೂ ಮಾರುವುದೂ ಕೊಲ್ಲುವುದೂ 1972ರ ಕಾಯ್ದೆಯಂತೆ ಅಪರಾಧ. ವಿದೇಶೀ ಹಾವುಗಳ ವಿಷಯದಲ್ಲಿಯೂ 2022ರ ತಿದ್ದುಪಡಿಯ ಬಳಿಕ ಕಟ್ಟುನಿಟ್ಟು ಬಂದಿದೆ; ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ನೋಂದಾಯಿಸಲೇಬೇಕು. 'ಎರಡು ತಲೆ ಹಾವು' ಎಂದು ಹೆಸರಾದ ಮಣ್ಣುಮುಕ್ಕ ಹಾವಿನ ಪಾಡಂತೂ ಕರುಣಾಜನಕ. ಅದರ ಮೊಂಡು ಬಾಲ ತಲೆಯಂತೆ ಕಾಣುವುದೊಂದೇ ಅದರ ತಪ್ಪು. ಅದು ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂಬ ಮೂಢನಂಬಿಕೆಯನ್ನು ಬಂಡವಾಳ ಮಾಡಿಕೊಂಡ ವಂಚಕರು ಅದನ್ನು ಲಕ್ಷಗಟ್ಟಲೆ ಬೆಲೆ ಹೇಳಿ ಕದ್ದು ಸಾಗಿಸುವರು. ಅದನ್ನು ಕೊಂಡವರಿಗೆ ಐಶ್ವರ್ಯ ಬಂದುದನ್ನು ಕಂಡವರಿಲ್ಲ; ಸೆರೆಮನೆ ಕಂಡವರುಂಟು.

ಹಾವನ್ನು ಹತ್ತಿರದಿಂದ ನೋಡುವ ಕುತೂಹಲ ಮಕ್ಕಳಿಗಿದ್ದರೆ ಅದನ್ನು ಚಿವುಟಬೇಕಾಗಿಲ್ಲ. 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಮೃಗಾಲಯದಲ್ಲಿ ಹಾವುಗಳಿಗೆಂದೇ ಪ್ರತ್ಯೇಕ ಮನೆಯಿದೆ. ಗಾಜಿನಾಚೆ ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲವನ್ನೂ ಹೆಬ್ಬಾವನ್ನೂ ಗುರುತಿಸಲು ಕಲಿತ ಬಾಲಕ, ಮುಂದೊಂದು ದಿನ ಹೊಲದ ಬದುವಿನಲ್ಲಿ ಅವೆರಡನ್ನು ಬೇರ್ಪಡಿಸಬಲ್ಲನು. ಅಂಥ ವಿವೇಕದಿಂದ ಪ್ರಾಣ ಉಳಿಯುವ ಸಂದರ್ಭಗಳುಂಟು.

ಹೊಸ್ತಿಲ ಈಚೆ, ಹೊಸ್ತಿಲ ಆಚೆ

ಕೌದಳ್ಳಿಯಂಥ ಊರಿನಲ್ಲಿ ಹಾವು ನೆರೆಮನೆಯ ಜೀವವೇ ಸರಿ. ರಾಗಿಯ ಕಾಳಿಗೆ ಇಲಿ, ಇಲಿಗೆ ಕೇರೆಹಾವು. ಬೇಲಿಯ ಮೇಲೆ ಹರಿದುಹೋಗುವ ಕೇರೆಯನ್ನು ಕಂಡು ಹೊಸಬರು ಕಿರುಚಿಕೊಂಡರೆ, 'ಬುಡು ಮಗ, ಅದರ ಪಾಡ್ಗೆ ಅದು ಹೋಯ್ತದೆ' ಎನ್ನುವ ಅಜ್ಜಿಯಂದಿರು ಈ ಕಡೆ ಇದ್ದಾರೆ. ಆ ಒಂದು ಮಾತಿನಲ್ಲಿ ಶಾಸ್ತ್ರದ ಸಾರವೇ ಅಡಗಿದೆ. ಹಾವಿಗೆ ಮನುಷ್ಯನು ಆಹಾರವಲ್ಲ. ಅವನನ್ನು ಅಟ್ಟಿಸಿಕೊಂಡು ಬರುವ ಕೆಲಸ ಅದಕ್ಕಿಲ್ಲ. ದಾರಿ ಬಿಟ್ಟರೆ ಅದು ಹೊರಟುಹೋಗುವುದು.

ಆದರೆ ನೆರೆಯವನೆಂದು ಮೈಮರೆಯುವಂತೆಯೂ ಇಲ್ಲ. ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000 ಜೀವ! ಅವರಲ್ಲಿ ಕಾಲು ಭಾಗದಷ್ಟು ಮಂದಿ ಹದಿನೈದು ತುಂಬದ ಮಕ್ಕಳು. ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸಂಭವಿಸುವುವು. ಬಹುಪಾಲು ಹಳ್ಳಿಗಳಲ್ಲಿ, ಆಸ್ಪತ್ರೆಯನ್ನು ಮುಟ್ಟುವ ಮೊದಲೇ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಅದೇ ವರ್ಷ ಕೇಂದ್ರ ಸರ್ಕಾರವು ಈ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವ ಕಾರ್ಯಯೋಜನೆಯನ್ನು ಹೊರತಂದಿತು.

ಈ ಸಾವುಗಳಿಗೆ ಮುಖ್ಯವಾಗಿ ಕಾರಣವಾಗುವುವು ನಾಲ್ಕೇ ಹಾವುಗಳು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವುಗಳಲ್ಲಿ ಕಟ್ಟುಹಾವು ಇರುಳಿನ ಜೀವಿ. ನೆಲದ ಮೇಲೆ ಮಲಗಿದವರ ಹಾಸಿಗೆಗೆ ನುಸುಳಿ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ಕಚ್ಚುವುದು. ನೋವು ಕಡಿಮೆ, ಗುರುತು ಕಾಣುವುದೇ ಕಷ್ಟ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನ ರೆಪ್ಪೆ ಜೋತುಬಿದ್ದಾಗಲೇ ಮನೆಯವರಿಗೆ ಸಂಶಯ ಹುಟ್ಟುವುದು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದರೆ ಈ ಅಪಾಯ ಬಹುವಾಗಿ ತಪ್ಪುವುದು. ಸೊಳ್ಳೆಗೆಂದು ಕೊಂಡ ಪರದೆ ಹಾವಿಗೂ ತಡೆಯಾಗುವುದು.

ಹೊಸ್ತಿಲ ಈಚೆಗೆ ಮಾಡಬೇಕಾದ ಕೆಲಸಗಳು ದುಬಾರಿಯವಲ್ಲ. ಸೌದೆಯನ್ನೂ ಇಟ್ಟಿಗೆಯನ್ನೂ ಗೋಡೆಗೆ ಒತ್ತಿ ಪೇರಿಸಬಾರದು. ಕಾಳಿನ ಮೂಟೆಗಳನ್ನು ಮಲಗುವ ಕಡೆ ಇಡಬಾರದು, ಏಕೆಂದರೆ ಇಲಿ ಬಂದಲ್ಲಿಗೆ ಹಾವೂ ಬರುವುದು. ಬಚ್ಚಲ ನೀರು ಹೋಗುವ ಕಿಂಡಿಗೆ ಜಾಲರಿ ಬಿಗಿಯಬೇಕು. ರಾತ್ರಿ ಹೊರಗೆ ಕಾಲಿಡುವಾಗ ಕೈಯಲ್ಲಿ ಬ್ಯಾಟರಿ, ಕಾಲಲ್ಲಿ ಮೆಟ್ಟು ಇರಲೇಬೇಕು. ಕಲ್ಲುಗುಡ್ಡೆಗೆ, ಹುಲ್ಲುಮೆದೆಗೆ ಕೋಲು ತಾಗಿಸದೆ ಕೈ ಹಾಕಬಾರದು.

ಇಷ್ಟಾಗಿಯೂ ಕಡಿತ ಸಂಭವಿಸಿದರೆ ಕಾಲವೇ ಔಷಧ. ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ವಿಷ ಹೀರುವುದು, ಮಂತ್ರ ಹಾಕಿಸುವುದು - ಇವೆಲ್ಲ ಇದ್ದ ಗಂಟೆಯನ್ನೂ ಕಳೆಯುವ ದಾರಿಗಳು. ಉಂಗುರ, ಬಳೆ, ಕಾಲುಂಗುರಗಳನ್ನು ಬಾವು ಏರುವ ಮುನ್ನ ತೆಗೆಯಬೇಕು. ಮೂಳೆ ಮುರಿದವರ ಅಂಗಕ್ಕೆ ದಬ್ಬೆ ಕಟ್ಟುವಂತೆ ಆ ಅಂಗವನ್ನು ಅಲುಗದಂತೆ ಇರಿಸಿ, ರೋಗಿಗೆ ಧೈರ್ಯ ಹೇಳಿ, ನಡೆಸದೆ, 108 ವಾಹನದಲ್ಲಾಗಲಿ ಸಿಕ್ಕ ಬಂಡಿಯಲ್ಲಾಗಲಿ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಹುಡುಕಿ ಹಿಡಿದು ತರಬೇಕಾಗಿಲ್ಲ. ಈಗ ದೊರೆಯುವ ಔಷಧ ನಾಲ್ಕು ಹಾವುಗಳ ವಿಷಕ್ಕೂ ಒಂದೇ. ಆ ಔಷಧ ಬಹುಮಟ್ಟಿಗೆ ತಮಿಳುನಾಡಿನ ಹಾವುಗಳ ವಿಷದಿಂದ ತಯಾರಾಗುವಂಥದು. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟಿರುವುದರಿಂದ, ಇನ್ನೂ ಉತ್ತಮವಾದ ಔಷಧದ ಶೋಧ ಅಲ್ಲಿ ನಡೆದಿದೆ.

ಹಾವೇ ಮನೆಯೊಳಗೆ ಬಂದರೆ? ಮಕ್ಕಳನ್ನೂ ದನಕರುಗಳನ್ನೂ ದೂರ ಸರಿಸಿ, ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಯವರನ್ನೋ ಬಲ್ಲ ಹಾವು ರಕ್ಷಕರನ್ನೋ ಕರೆಸಬೇಕು. ಹಿಡಿದ ಹಾವನ್ನು ಹತ್ತಾರು ಮೈಲಿ ದೂರದ ಕಾಡಿಗೆ ಬಿಟ್ಟರೆ ಪುಣ್ಯ ಬಂದಿತೆಂದು ತಿಳಿಯುವವರುಂಟು. ಆದರೆ ಪರಸ್ಥಳಕ್ಕೆ ಒಯ್ದು ಬಿಟ್ಟ ಹಾವು ತನ್ನ ಬಿಲ, ತನ್ನ ನೀರು, ತನ್ನ ಜಾಡು ಕಾಣದೆ ಅಲೆಯುವುದು. 2005ರಲ್ಲಿ ಆರಂಭವಾದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳ ಮೈಯಲ್ಲಿ ರೇಡಿಯೋ ಇರಿಸಿ ಅವುಗಳ ಓಡಾಟವನ್ನು ಹಿಂಬಾಲಿಸಿದಾಗಲೂ ಇಂಥ ಅಲೆದಾಟವೇ ಕಂಡುಬಂದಿತು. ಹಾವಿಗೂ ಊರೆಂಬುದುಂಟು. ಹಿಡಿದಲ್ಲಿಗೆ ಸಮೀಪದಲ್ಲಿಯೇ, ಜನರ ಓಡಾಟವಿಲ್ಲದೆಡೆ ಬಿಡುವುದೇ ನಿಜವಾದ ದಯೆ.

ಹೆಡೆಯ ನೆರಳು

ಮಹದೇಶ್ವರನ ಬೆಟ್ಟದಿಂದ ಇಂಡಿಗನತ್ತದ ಕಾಡುಹಾದಿಯಲ್ಲಿ ಮುಂದೆ ಹೋದರೆ ನಾಗಮಲೆ ಎಂಬ ಕ್ಷೇತ್ರವಿದೆ. ಅಲ್ಲಿ ಹೆಡೆಯೆತ್ತಿದ ನಾಗನಂತೆ ಬಾಗಿ ನಿಂತ ಬಂಡೆಯೊಂದರ ನೆರಳಿನಲ್ಲಿ ಲಿಂಗವಿದೆ. ಮಾದಪ್ಪನು ಹುಲಿಯನ್ನೇ ವಾಹನ ಮಾಡಿಕೊಂಡನೆಂದು ಕಂಸಾಳೆಯವರು ಇರುಳೆಲ್ಲ ಹಾಡುವರು. ಕ್ರೂರಮೃಗವೆಂದು ಲೋಕ ಅಂಜುವ ಪ್ರಾಣಿಗಳಿಗೆ ಈ ಬೆಟ್ಟದ ಸಂಪ್ರದಾಯ ದೇವರ ಪಕ್ಕದಲ್ಲಿಯೇ ಜಾಗ ಕೊಟ್ಟಿದೆ. ಆದರೆ ಹುಲಿಯನ್ನಾಗಲಿ ನಾಗನನ್ನಾಗಲಿ ಹಟ್ಟಿಯೊಳಗೆ ಕಟ್ಟಿಹಾಕಬೇಕೆಂದು ಒಕ್ಕಲಿಗೆ ಹೇಳಲಿಲ್ಲ. ಪೂಜ್ಯವಾದುದನ್ನು ಪೂಜ್ಯವಾದ ದೂರದಲ್ಲಿಡುವುದೂ ಭಕ್ತಿಯ ಒಂದು ರೀತಿ.

ಕೌದಳ್ಳಿಯ ಸೀಮೆಯಲ್ಲಿ ಈಗ ಯಂತ್ರಗಳು ಬಂದಿವೆ. ಹಿಂದೆ ನೇಗಿಲು ಬಳಸಿಕೊಂಡು ಹೋಗುತ್ತಿದ್ದ ಹುತ್ತವನ್ನು ಜೆಸಿಬಿ ಒಂದೇ ಏಟಿಗೆ ಬಾಚಿಬಿಡಬಲ್ಲದು. ಬದುವಿನ ಕಲ್ಲುಗುಡ್ಡೆ ಮಾಯವಾಗಿ ತಂತಿಬೇಲಿ ಬಂದರೆ ಅಲ್ಲಿದ್ದ ಹಾವು ಎಲ್ಲಿಗೆ ಹೋಗಬೇಕು? ಸೌದೆಯ ರಾಶಿಗೆ, ದನದ ಕೊಟ್ಟಿಗೆಗೆ, ಕೊನೆಗೆ ಅಡಿಗೆಯ ಮನೆಗೆ. ಅದರ ಮನೆಯನ್ನು ನಾವು ಕಿತ್ತರೆ ಅದು ನಮ್ಮ ಮನೆಗೆ ಬರುವುದರಲ್ಲಿ ಅಚ್ಚರಿಯೇನೂ ಇಲ್ಲ. ಹೊಲದ ಮೂಲೆಯ ಒಂದು ಹುತ್ತ, ಬೇಲಿಯ ಎರಡು ಪೊದೆ, ನಾಲ್ಕು ಬುಟ್ಟಿಯಷ್ಟು ಕಲ್ಲು - ಇಷ್ಟನ್ನು ಬಿಟ್ಟುಕೊಡುವ ರೈತನು ಹಾವನ್ನು ಸಾಕಿದಂತೆಯೇ ಸರಿ. ಅದಕ್ಕೆ ಅವನು ಇಲಿ ಹುಡುಕಬೇಕಾಗಿಲ್ಲ, ಬಿಸಿ ಅಳೆಯಬೇಕಾಗಿಲ್ಲ, ಬೀಗ ಹಾಕಬೇಕಾಗಿಲ್ಲ. ಬಾಡಿಗೆಯನ್ನು ಅದು ಸುಗ್ಗಿಯ ಕಾಲದಲ್ಲಿ, ಇಲಿ ತಿನ್ನದೆ ಉಳಿದ ರಾಗಿಯ ರೂಪದಲ್ಲಿ ತಪ್ಪದೆ ತೆರುವುದು.